ಹಾಡು ಮತ್ತು ಬಾಳು: ದೇಸೂರ–ಖಾನಾಪುರ ಸೀಮೆಯ ಸಂಗೀತ ಸಂಸ್ಕೃತಿ

ಸಂಗೀತವು ವಿಶ್ವಭಾಷೆ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ನಾದವು ಎಲ್ಲರ ಕಿವಿಗೂ ಒಂದೇ ಎಂಬ ಮಟ್ಟಿಗೆ ಈ ಮಾತು ನಿಜ. ಆದರೆ ಆ ನಾದದ ಅರ್ಥವನ್ನು ನಿರ್ಣಯಿಸುವುದು ಕಿವಿಯಲ್ಲ, ಕೇಳುವವನ ಸಮಾಜ. ಒಂದು ಜನಾಂಗಕ್ಕೆ ಶೋಕವನ್ನು ಸೂಚಿಸುವ ವಾದ್ಯ ಮತ್ತೊಂದಕ್ಕೆ ಮಂಗಳವಾದ್ಯವಾಗಬಹುದು. ಆದುದರಿಂದ ಸಂಗೀತಕ್ಕೂ ಸಂಸ್ಕೃತಿಗೂ ಇರುವ ಸಂಬಂಧವನ್ನು ಅರಿಯಬೇಕಾದರೆ, ಯಾರು, ಯಾವಾಗ, ಏತಕ್ಕಾಗಿ ಹಾಡುತ್ತಾರೆ ಎಂಬುದನ್ನು ಮೊದಲು ವಿಚಾರಿಸಬೇಕು.

ಈ ವಿಚಾರಣೆಗೆ ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಸಾಗುವ ದಾರಿಯಲ್ಲಿ ದೇಸೂರ ಎಂಬ ಗ್ರಾಮವಿದೆ. ಮಿರಜ–ಲೋಂಡಾ ರೈಲುಮಾರ್ಗದ ಒಂದು ಚಿಕ್ಕ ನಿಲ್ದಾಣವೂ ಅಲ್ಲಿದೆ. ಅಲ್ಲಿಂದ ಪೂರ್ವಕ್ಕೆ ಎರೆಭೂಮಿಯ ಬಯಲುಸೀಮೆ, ಪಶ್ಚಿಮಕ್ಕೆ ಸಹ್ಯಾದ್ರಿಯ ಕಾಡು. ಕನ್ನಡ, ಮರಾಠಿಗಳೆರಡೂ ಇಲ್ಲಿಯ ಓಣಿಗಳಲ್ಲಿ ಬೆರೆತಿವೆ. ಕಾಡಿನ ಕಡೆಗೆ ಸಾಗಿದಂತೆ ಕೊಂಕಣಿಯೂ ಸೇರುತ್ತದೆ. ಇಂತಹ ಸೀಮೆಯಲ್ಲಿ ಹಾಡು ಭಾಷೆಯ ಎಲ್ಲೆಯನ್ನು ಎಲ್ಲಿ ಪಾಲಿಸುತ್ತದೆ, ಎಲ್ಲಿ ದಾಟುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಮೊದಲನೆಯದಾಗಿ ದುಡಿಮೆಯ ಹಾಡನ್ನು ತೆಗೆದುಕೊಳ್ಳೋಣ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತ ಕನ್ನಡ ಗರತಿಯು ತ್ರಿಪದಿಯನ್ನು ಹಾಡಿದರೆ, ಮರಾಠಿ ಗರತಿಯು ಓವಿಯನ್ನು ಹಾಡುತ್ತಿದ್ದಳು. ಛಂದಸ್ಸು ಬೇರೆ, ಭಾಷೆ ಬೇರೆ. ಆದರೆ ತವರಿನ ಹಂಬಲ, ಅಣ್ಣನ ದಾರಿ ಕಾಯುವಿಕೆ, ಕೂಸಿನ ಮೇಲಿನ ಮಮತೆ ಇವೆಲ್ಲ ಒಂದೇ. ಕಲ್ಲು ತಿರುಗುವ ಗತಿಯೇ ಎರಡಕ್ಕೂ ಲಯ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದು ಈ ಸಂಪತ್ತನ್ನು ಕನ್ನಡಿಗರ ಕಣ್ಣಿಗೆ ಕಾಣಿಸಿದರು. ಮಹಾರಾಷ್ಟ್ರದಲ್ಲಿ ಗೀ ಪಾಟೆವ್ಯಾಂ ಮತ್ತು ಹೇಮಾ ರಾಯರ್ಕರ್ ಅವರ ನೇತೃತ್ವದಲ್ಲಿ ಸಂಗ್ರಹವಾದ ಬೀಸುವ ಪದಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿದೆ. ಹಿಟ್ಟಿನ ಗಿರಣಿ ಊರಿಗೆ ಬಂದಿತು, ಹೆಣ್ಣುಮಕ್ಕಳ ರಟ್ಟೆಗೆ ವಿಶ್ರಾಂತಿ ದೊರೆಯಿತು. ಅದು ಬೇಕಾದದ್ದೇ ಆಗಿತ್ತು. ಆದರೆ ಕಲ್ಲು ನಿಂತೊಡನೆ ಹಾಡೂ ನಿಂತಿತು. ಹಾಡು ಕೇವಲ ಮನರಂಜನೆಯಾಗಿದ್ದರೆ ಗಿರಣಿಯ ಮುಂದೆಯೂ ಅದು ಉಳಿಯಬೇಕಾಗಿತ್ತು. ಉಳಿಯಲಿಲ್ಲ, ಏಕೆಂದರೆ ಅದು ಆ ಕೆಲಸದ, ಆ ಏಕಾಂತದ ಅಂಗವಾಗಿತ್ತು.

ಎರಡನೆಯದು ನೆನಪಿನ ಹಾಡು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ್ದು ಇದೇ ಖಾನಾಪುರ ತಾಲೂಕಿನ ನಂದಗಡದಲ್ಲಿ. ಸರಕಾರದ ದಫ್ತರಗಳು ಅವನನ್ನು ಬಂಡುಕೋರನೆಂದು ಬರೆದುಕೊಂಡವು. ಲಾವಣಿಕಾರರು ಅವನನ್ನು ವೀರನೆಂದು ಹಾಡಿದರು. ದಪ್ಪು, ತುಂತುಣಿಗಳ ದನಿಯೊಡನೆ ಹಳ್ಳಿಹಳ್ಳಿಗೆ ಹರಡಿದ ಆ ಹಾಡೇ ಓದುಬರಹವಿಲ್ಲದ ಜನರ ಇತಿಹಾಸ ಗ್ರಂಥವಾಯಿತು. ಇಂಗ್ಲಿಷ್ ಅಧಿಕಾರಿಯೇ ಆಗಿದ್ದ ಶಾಸನತಜ್ಞ ಜೆ. ಎಫ್. ಫ್ಲೀಟರು 1880ರ ದಶಕದಲ್ಲಿ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ಪ್ರಕಟಿಸಿದಾಗ ರಾಯಣ್ಣನ ದಂಗೆಯ ಲಾವಣಿಯೂ ಅವುಗಳಲ್ಲಿ ಸೇರಿತ್ತು. ಪಶ್ಚಿಮ ಆಫ್ರಿಕದ ಮಾಲಿ ಮೊದಲಾದ ನಾಡುಗಳಲ್ಲಿ ‘ಗ್ರಿಯೋ’ ಎಂದು ಕರೆಯಲ್ಪಡುವ ಗಾಯಕ ಮನೆತನಗಳು 13ನೆಯ ಶತಮಾನದ ಅರಸ ಸುಂಜಾಟನ ಕಥೆಯನ್ನು ಇದೇ ರೀತಿಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಹಾಡಿ ಉಳಿಸಿವೆ. ಭೂಖಂಡಗಳು ಬೇರೆಯಾದರೂ ಹಾಡಿಗೆ ಸಮಾಜವು ಒಪ್ಪಿಸಿದ ಹೊಣೆ ಒಂದೇ.

ಆಫ್ರಿಕದ ಮಾತು ಬಂದಾಗ ಮತ್ತೊಂದು ನಿದರ್ಶನವನ್ನು ಮರೆಯಲಾಗದು. ಖಾನಾಪುರದ ಕಾಡಂಚಿನಲ್ಲಿಯೂ, ಅದಕ್ಕೆ ಹೊಂದಿಕೊಂಡ ಹಳಿಯಾಳ, ಯಲ್ಲಾಪುರಗಳಲ್ಲಿಯೂ ಸಿದ್ದಿ ಜನಾಂಗದವರು ವಾಸಿಸುತ್ತಾರೆ. ಇವರ ಪೂರ್ವಿಕರಲ್ಲಿ ಅನೇಕರು ಗೋವೆಗೆ ಗುಲಾಮರಾಗಿ ತರಲ್ಪಟ್ಟವರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದವರು. ಇವರಲ್ಲಿ ಹಿಂದೂಗಳೂ, ಮುಸಲ್ಮಾನರೂ, ಕ್ರೈಸ್ತರೂ ಇದ್ದಾರೆ. ಪೂರ್ವಿಕರ ಭಾಷೆ ಮರೆತುಹೋಗಿದೆ. ಊರಿನ ಹೆಸರೂ ಉಳಿದಿಲ್ಲ. ಆದರೆ ‘ಡಮಾಮ’ ಎಂಬ ಚರ್ಮವಾದ್ಯವೂ ಅದರ ಗತಿಗೆ ಕುಣಿಯುವ ‘ಡಮಾಮಿ’ ನೃತ್ಯವೂ ಅವರನ್ನು ಒಂದುಗೂಡಿಸಿವೆ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2020ರಲ್ಲಿ. ಕಾಗದದ ಮೇಲೆ ಆ ಗುರುತು ಬರುವುದಕ್ಕೆ ಬಹುಕಾಲ ಮೊದಲೇ ಡಮಾಮವು ಅವರ ಗುರುತಾಗಿತ್ತು.

ಇನ್ನು ಭಕ್ತಿಯ ಹಾಡು. ಈ ಸೀಮೆಯಲ್ಲಿ ಏಕತಾರಿ, ದಮ್ಮಡಿಗಳೊಡನೆ ಹಾಡುವ ತತ್ತ್ವಪದ, ವಚನಗಳ ಭಜನೆಯೂ, ತಾಳ, ಮೃದಂಗಗಳೊಡನೆ ಹಾಡುವ ಅಭಂಗಗಳ ಭಜನೆಯೂ ಜೊತೆಜೊತೆಯಾಗಿ ನಡೆದುಬಂದಿವೆ. ಎರಡರ ವ್ಯತ್ಯಾಸ ಕೇವಲ ವಾದ್ಯಗಳದ್ದಲ್ಲ. ಏಕತಾರಿಯ ಒಂದೇ ಶ್ರುತಿಯ ಮೇಲೆ ಹಾಡುವವನು ಒಳಮುಖನಾಗುತ್ತಾನೆ. ಅಲ್ಲಿ ಶಬ್ದದ ಅರ್ಥವೇ ಪ್ರಧಾನ. ವಾರಕರಿಗಳ ದಿಂಡಿಯಲ್ಲಿ ನೂರು ತಾಳಗಳು ಒಮ್ಮೆಗೇ ನುಡಿಯುತ್ತವೆ, ನೂರು ಹೆಜ್ಜೆಗಳು ಒಮ್ಮೆಗೇ ಬೀಳುತ್ತವೆ. ಅಲ್ಲಿ ಸಮೂಹವೇ ಪ್ರಧಾನ. ಆದರೂ ಇವೆರಡು ಪರಸ್ಪರ ಅಪರಿಚಿತವಲ್ಲ. ಜ್ಞಾನೇಶ್ವರರ ಹೆಸರಿನಲ್ಲಿ ಪ್ರಸಿದ್ಧವಾದ ಒಂದು ಅಭಂಗವು ವಿಠ್ಠಲನನ್ನು ಕರ್ನಾಟಕದವನೆಂದೇ ಕರೆಯುತ್ತದೆ.

ವಚನಕಾರರು ಸಂಗೀತವನ್ನು ಹೇಗೆ ಕಂಡರೆಂಬುದು ಇಲ್ಲಿ ಮನನೀಯ. ಬಸವಣ್ಣನವರು ಒಂದು ವಚನದಲ್ಲಿ ತಮ್ಮ ದೇಹವನ್ನೇ ವೀಣೆಯನ್ನಾಗಿ ಮಾಡಿ ನುಡಿಸೆಂದು ದೇವರನ್ನು ಬೇಡುತ್ತಾರೆ. ಮತ್ತೊಂದರಲ್ಲಿ ತಾಳಮಾನಗಳ ಲೆಕ್ಕವನ್ನು ತಾವು ಅರಿಯೆವೆಂದೂ, ಒಲಿದಂತೆ ಹಾಡುವೆವೆಂದೂ ಹೇಳುತ್ತಾರೆ. ಇವು ಪರಸ್ಪರ ವಿರುದ್ಧವೆಂದು ತೋರಬಹುದು. ಆದರೆ ವಿಚಾರಿಸಿ ನೋಡಿದರೆ ಎರಡರ ತಾತ್ಪರ್ಯವೂ ಒಂದೇ: ಸಂಗೀತವು ಪಂಡಿತನ ಸ್ವತ್ತಲ್ಲ, ಬಾಳುವವನ ಉಸಿರು. ಶಾಸ್ತ್ರ ತಿಳಿಯದವನಿಗೂ ಹಾಡುವ ಅಧಿಕಾರವುಂಟೆಂದು ಸಾರಿದ್ದು ಹನ್ನೆರಡನೆಯ ಶತಮಾನದಲ್ಲಿ ಸಣ್ಣ ಮಾತಲ್ಲ. ಮುಂದೆ ನಿಜಗುಣ ಶಿವಯೋಗಿಗಳು ‘ಕೈವಲ್ಯ ಪದ್ಧತಿ’ಯಲ್ಲಿ ಶಾಸ್ತ್ರದ ರಾಗಗಳಿಗೂ ಅನುಭಾವಕ್ಕೂ ಬೆಸುಗೆ ಹಾಕಿದರು.

ಶಾಸ್ತ್ರೀಯ ಸಂಗೀತದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಉತ್ತರ ಕರ್ನಾಟಕದಲ್ಲಿ ಹಿಂದೂಸ್ತಾನಿ ಪದ್ಧತಿ ಬೇರೂರಿದ್ದು ಆಕಸ್ಮಿಕವಲ್ಲ. ಈ ಭಾಗವು 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಮಿರಜ, ಕೊಲ್ಹಾಪುರಗಳ ಸಂಸ್ಥಾನಗಳು ಸಮೀಪದಲ್ಲಿದ್ದವು. ರೈಲುಮಾರ್ಗವು ಗಾಯಕರನ್ನೂ ನಾಟಕ ಕಂಪನಿಗಳನ್ನೂ ಹೊತ್ತು ತಂದಿತು. ಮರಾಠಿ ಸಂಗೀತ ರಂಗಭೂಮಿಗೆ 1880ರಲ್ಲಿ ‘ಶಾಕುಂತಲ’ವನ್ನು ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕನ್ನಡ ನಾಟಕ ಕಂಪನಿಯ ಬಾಲನಟನಾಗಿದ್ದ ಮಲ್ಲಿಕಾರ್ಜುನ ಮನಸೂರರು ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿಯನ್ನೂ, ಆಮೇಲೆ ಮಂಜಿಖಾನ, ಬುರ್ಜಿಖಾನರಲ್ಲಿ ಜೈಪುರ ಗಾಯಕಿಯನ್ನೂ ಕಲಿತರು. ಅದೇ ಕಂಠದಿಂದ ವಚನಗಳನ್ನೂ ಹಾಡಿದರು.

ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಕೊಂಕಾಳಿಮಠರ ಜೀವನವು ಇನ್ನೂ ಬೋಧಪ್ರದವಾಗಿದೆ. ಬಾಲ್ಯದಲ್ಲಿಯೇ ಮಠಾಧೀಶರೊಬ್ಬರಿಂದ ‘ಕುಮಾರ ಗಂಧರ್ವ’ ಎಂಬ ಹೆಸರನ್ನು ಪಡೆದ ಇವರು, ಕ್ಷಯರೋಗದ ನಿಮಿತ್ತ 1948ರಲ್ಲಿ ಮಾಳವದ ದೇವಾಸಕ್ಕೆ ಹೋಗಿ ನೆಲಸಿದರು. ಹಾಡಬಾರದೆಂಬ ವೈದ್ಯರ ಕಟ್ಟಳೆಯಿಂದ ಹಾಸಿಗೆ ಹಿಡಿದಿದ್ದಾಗ ಓಣಿಯ ಹೆಣ್ಣುಮಕ್ಕಳ, ಬೈರಾಗಿಗಳ ಹಾಡುಗಳು ಅವರ ಕಿವಿಗೆ ಬಿದ್ದವು. ಗುಣಮುಖರಾಗಿ ಮತ್ತೆ ವೇದಿಕೆಯನ್ನೇರಿದಾಗ ಮಾಳವದ ಜಾನಪದ ಧಾಟಿಗಳೂ ಕಬೀರರ ನಿರ್ಗುಣ ಪದಗಳೂ ಅವರ ಗಾಯನದಲ್ಲಿ ಹೊಸ ಜೀವ ಪಡೆದಿದ್ದವು. ಕನ್ನಡ ಮನೆಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, ಹಿಂದಿ ಸೀಮೆಯ ಹಳ್ಳಿಗರಿಂದ ಪಡೆದು ಹಾಡಿದವರನ್ನು ಯಾವ ನಾಡಿನವರೆನ್ನಬೇಕು? ಮೂವರೂ ತಮ್ಮವರೆಂದರೆ ಮೂವರ ಮಾತೂ ಸತ್ಯವೇ.

ಇಷ್ಟರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಹಾಡು ಒಂದು ಸಮಾಜದ ದುಡಿಮೆ, ನೆನಪು, ನಂಬಿಕೆಗಳಲ್ಲಿ ಬೇರುಬಿಟ್ಟಿರುತ್ತದೆ. ಆ ಸಂದರ್ಭ ಹೋದರೆ ಹಾಡೂ ಬಾಡುತ್ತದೆ. ಆದರೆ ಒಮ್ಮೆ ಬೇರುಬಿಟ್ಟ ಹಾಡು ಎಲ್ಲೆಯನ್ನು ಮೀರಿ ಚಾಚಬಲ್ಲದು. ಗಡಿಯ ವಾದದಲ್ಲಿ ಹಳ್ಳಿಗಳನ್ನು ಎಣಿಸಿ ಪಾಲು ಮಾಡಬಹುದು. ಕಾನಡಾ ರಾಗವನ್ನು ಪಾಲು ಮಾಡಲಾಗದು.

ನಮ್ಮ ಕರ್ತವ್ಯವೇನು? ಬೀಸುವ ಕಲ್ಲನ್ನು ಮರಳಿ ತರಲಾಗದು, ತರಲೂಬಾರದು. ಆದರೆ ಭಜನೆಯ ಮನೆಗೆ ಗಿರಣಿಯಿಂದ ಬಾಧೆಯಿಲ್ಲ. ಜಾತ್ರೆ, ಉತ್ಸವಗಳಲ್ಲಿ ಕರಡಿಮಜಲು, ಝಾಂಜುಗಳ ಸ್ಥಾನವನ್ನು ಧ್ವನಿವರ್ಧಕಗಳ ಅಬ್ಬರವು ಆಕ್ರಮಿಸುತ್ತಿರುವಾಗ, ನುಡಿಸಬಲ್ಲವರಿದ್ದೂ ಕರೆಯುವವರಿಲ್ಲದಂತಾಗಿದೆ. ಧ್ವನಿಮುದ್ರಣವು ಹಾಡನ್ನು ಕಾಪಿಡಬಲ್ಲದು, ಬದುಕಿಸಲಾರದು. ಸೋಮವಾರದ ಭಜನೆಗೆ ಮನೆಯ ಮಗುವನ್ನು ಕರೆದೊಯ್ದು ಕೈಗೆ ಒಂದು ಜೊತೆ ತಾಳ ಕೊಡುವ ಹಿರಿಯರಿರುವ ತನಕ ಮಾತ್ರ ಈ ಸೀಮೆಯ ಹಾಡು ಬದುಕಿರುತ್ತದೆ.