ಗಂಟು ಕುತ್ತಿಗೇಲಿ, ಗುಟ್ಟು ಹಲ್ಲಲ್ಲಿ!

ಸಂತೇಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರು ನಾಲ್ಕು ತಿಂಗಳಿಂದ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡೇ ವ್ಯಾಪಾರಕ್ಕೆ ಕೂರುತ್ತಿದ್ದರು. ಸುಡು ಬೇಸಿಗೆಯಲ್ಲೂ ಮಫ್ಲರ್! ಶೀತ ಇರಬೇಕು ಅಂದುಕೊಂಡರು ಗಿರಾಕಿಗಳು. ಒಳಗಿನ ಕಥೆ ಬೇರೆ. ಬಲದವಡೆಯ ಅಡಿಯಲ್ಲಿ ಅಡಿಕೆ ಗಾತ್ರದ ಗಂಟೊಂದು ಎದ್ದಿತ್ತು.

ಮೊದಲು ಸುಣ್ಣ-ಅರಿಶಿನದ ಪಟ್ಟು ಹಾಕಿದರು. ಆಮೇಲೆ ಔಷಧಿ ಅಂಗಡಿಯ ಹುಡುಗ ಚೀಟಿಯಿಲ್ಲದೆ ಕೊಟ್ಟ ಮಾತ್ರೆ. ನುಂಗಿದಾಗ ಗಂಟು ಕುಗ್ಗೋದು, ನಿಲ್ಲಿಸಿದ ಹದಿನೈದು ದಿನಕ್ಕೆ ಮತ್ತೆ ಹಾಜರ್. ನೆಂಟರೊಬ್ಬರು 'ಗಂಡಮಾಲೆ' ಎಂದರು, ಇನ್ನೊಬ್ಬರು ಕ್ಯಾನ್ಸರ್ ಇದ್ದರೂ ಇರಬಹುದು ಎಂದು ಪಿಸುಗುಟ್ಟಿದರು. ಅಲ್ಲಿಗೆ ನಿದ್ದೆ ಖತಂ. ಮಗಳ ಮದುವೆ ಈ ವರ್ಷವೇ ಮುಗಿಸಿಬಿಡೋಣ ಅಂತ ಹೆಂಡತಿಗೆ ಹೇಳಿದರಂತೆ; ಕಾರಣ ಮಾತ್ರ ಬಾಯಿಬಿಡಲಿಲ್ಲ.

ಕೊನೆಗೆ ಸರ್ಕಾರಿ ಆಸ್ಪತ್ರೆಗೆ ಹೋದರೆ, ವೈದ್ಯರು ಗಂಟನ್ನು ಮುಟ್ಟಿ ನೋಡಿ ಕೇಳಿದ್ದು, "ಈ ಕಡೆ ಹಲ್ಲು ಯಾವಾಗಲಾದ್ರೂ ನೋಯ್ತಿತ್ತಾ?"

"ಎರಡು ವರ್ಷದ ಹಿಂದೆ ಜೀವ ಹೋಗೋ ಹಾಗೆ ನೋಯ್ತು ಸಾರ್. ಆಮೇಲೆ ತಾನೇ ವಾಸಿ ಆಯ್ತು."

ಎಡವಿದ್ದು ಇಲ್ಲೇ ನೋಡಿ ಸ್ವಾಮಿ. ಹುಳುಕು ಹಲ್ಲಿನ ಅಂಥ ನೋವು ತಾನಾಗಿ ನಿಂತರೆ ಹಲ್ಲು ಗುಣವಾಯಿತೆಂದಲ್ಲ. ಬಹುಮಟ್ಟಿಗೆ ಒಳಗಿನ ನರ ಸತ್ತಿದೆ ಎಂದರ್ಥ. ನರವೇ ಸತ್ತ ಮೇಲೆ ದೂರು ಹೇಳುವವರು ಯಾರು? ಸೋಂಕು ಬೇರಿನ ತುದಿಗಿಳಿದು ಸದ್ದಿಲ್ಲದೆ ಸಂಸಾರ ಹೂಡುತ್ತದೆ.

ಕಾಲಬೆರಳಿಗೆ ಗಾಯವಾದರೆ ತೊಡೆಸಂದಿನಲ್ಲಿ ಗೆಡ್ಡೆ ಕಟ್ಟೋದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಸಂಗತಿ. ಬಾಯಿಯದೂ ಅದೇ ಲೆಕ್ಕ. ಕುತ್ತಿಗೆ ತುಂಬ ದುಗ್ಧಗ್ರಂಥಿಗಳೆಂಬ ನೂರಾರು ಚೆಕ್‌ಪೋಸ್ಟುಗಳಿವೆ. ದವಡೆ ಹಲ್ಲಿನ ಸೋಂಕು ಹೆಚ್ಚಾಗಿ ದವಡೆಯಡಿಯ ಗ್ರಂಥಿಗೆ, ಕೆಳಗಿನ ಮುಂಬಲ್ಲಿನದು ಗದ್ದದಡಿಯ ಗ್ರಂಥಿಗೆ ಬಂದು ತಡೆಯುತ್ತದೆ. ಹರೆಯದವರಲ್ಲಿ ಅರ್ಧ ಹುಟ್ಟಿದ ಬುದ್ಧಿಹಲ್ಲಿನ ಮೇಲಿನ ವಸಡು ಬಾತು ಹೀಗಾಗೋದೂ ಉಂಟು. ಮಾತ್ರೆ ಸೋಂಕನ್ನು ಕೊಂಚ ಅದುಮುತ್ತೆ, ಅಷ್ಟೆ. ಸತ್ತ ಹಲ್ಲಿನೊಳಗೆ ರಕ್ತವೇ ಓಡದ ಮೇಲೆ ಔಷಧಿ ಹೋಗೋದು ಯಾವ ದಾರಿಯಲ್ಲಿ?

ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ನೆರಳು ಕಂಡಿತು. ಉಳಿಸಿಕೊಳ್ಳುವಂತಿದ್ದರೆ ರೂಟ್ ಕೆನಾಲ್ ಮಾಡಿಸಬಹುದಿತ್ತು. ಹಲ್ಲು ಆ ಹಂತ ದಾಟಿತ್ತು, ಕಿತ್ತರು. ಗಂಟು ಮಾರನೇ ದಿನವೇ ಮಾಯವಾಗಲಿಲ್ಲ, ಕೆಲವು ವಾರ ಹಿಡಿಯಿತು. ಈಗಲೂ ಕಡಲೆಕಾಳಿನಷ್ಟು ಕೈಗೆ ಸಿಗುತ್ತಂತೆ. ಹಳೇ ಗಂಟು ಹಾಗೆ ಉಳಿಯೋದುಂಟು, ದಿನಾ ಹಿಚುಕಿ ನೋಡಬೇಡಿ ಅಂದಿದ್ದಾರೆ ವೈದ್ಯರು.

ಹಾಗಂತ ಎಲ್ಲ ಗಂಟಿಗೂ ಹಲ್ಲನ್ನೇ ದೂರೋದು ಬೇಡ. ಕತ್ತಿನ ಪಕ್ಕ ಒಂದಕ್ಕೊಂದು ಅಂಟಿಕೊಂಡ ಗಂಟುಗಳು, ಸಂಜೆ ಜ್ವರ, ಮೈ ಇಳಿತ ಇದ್ದರೆ ಕ್ಷಯದ ಗುಮಾನಿ. ಹಿರಿಯರು ಗಂಡಮಾಲೆ ಅಂತಿದ್ದದ್ದು ಬಹುಪಾಲು ಇದನ್ನೇ. ಸೂಜಿ ಚುಚ್ಚಿ ಪರೀಕ್ಷೆ ಮಾಡ್ತಾರೆ. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ, ಸಾಮಾನ್ಯವಾಗಿ 6 ತಿಂಗಳು ತಪ್ಪದೆ ನುಂಗಬೇಕು. ಗುಟ್ಕಾ, ಹೊಗೆಸೊಪ್ಪು ಹಾಕೋರು ಇನ್ನೂ ಹುಷಾರಾಗಿರಬೇಕು. ನೋವಿಲ್ಲದ ಕಲ್ಲಿನಂಥ ಗಂಟು, ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು ಕಂಡರೆ ಪಟ್ಟು ಹಾಕುತ್ತ ಕೂರಬೇಡಿ. (ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಬಸ್ಸಿನ ಸೀಟಿನಡಿ ಬಗ್ಗಿ ನೋಡಿದವರು ಇದನ್ನು ನಂಬಲಾರರು.)

ಯಾವುದೇ ಗಂಟು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಿ. ಆದರೆ ನಾಲಗೆಯಡಿ ಬಾತು, ಬಾಯಿ ತೆರೆಯಲಾಗದೆ, ಎಂಜಲೂ ನುಂಗಲಾಗದ ಸ್ಥಿತಿ ಬಂತೋ, ಬೆಳಗಾಗಲಿ ಅಂತ ಕಾಯುವಂತಿಲ್ಲ. ಉಸಿರಿನ ದಾರಿಯೇ ಕಟ್ಟಿಕೊಳ್ಳಬಹುದು. ಆ ರಾತ್ರಿಯೇ 108ಕ್ಕೆ ಫೋನ್ ಮಾಡಿ.

ವ್ಯಾಪಾರಿಗಳ ಮಫ್ಲರ್ ಈಗ ಅಂಗಡಿಯ ಮೊಳೆಗೆ ನೇತಾಡುತ್ತಿದೆ. ಮದುವೆ ಮಾತು ಸದ್ಯಕ್ಕಿಲ್ಲ, ಮಗಳಿಗೆ ಬಿ.ಕಾಂ. ಕೊನೇ ವರ್ಷದ ಪರೀಕ್ಷೆ ಇದೆಯಂತೆ.