ನಾಯಿ ಸಾಕಿದ ಮನೆಗಳ ನೆರೆಹೊರೆ

ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನಲ್ಲಿ ಕುರ್ಡಿ ಎಂಬುದೊಂದು ಊರು. ಕೃಷ್ಣೆ ತುಂಗಭದ್ರೆಗಳ ನಡುವಣ ಸೀಮೆಯ ಈ ಊರಿನ ಓಣಿಗಳಲ್ಲಿ ಹೊತ್ತು ಮುಳುಗುವ ಸಮಯಕ್ಕೆ ನಡೆದು ಹೋದವರಿಗೆ, ಕಟ್ಟೆಕಟ್ಟೆಯ ಮಗ್ಗುಲಿಗೆ ಒಂದಿಲ್ಲೊಂದು ನಾಯಿ ಮಲಗಿರುವದು ಕಣ್ಣಿಗೆ ಬೀಳದೆ ಇರಲಾರದು. ಒಂದು ಹೊಲ ಕಾಯುವ ನಾಯಿ, ಒಂದು ಕುರಿಹಟ್ಟಿಯ ನಾಯಿ. ಇನ್ನೊಂದು ಯಾರದೂ ಅಲ್ಲದ, ಆದರೆ ನಾಲ್ಕು ಮನೆಗಳ ರೊಟ್ಟಿಯನ್ನು ತಿಂದು ನಾಲ್ಕು ಮನೆಗಳನ್ನೂ ಕಾಯುವ ನಾಯಿ. ನಾಯಿಗೆ ಒಂದು ತುಣುಕು ರೊಟ್ಟಿ ಹಾಕುವದಕ್ಕೆ ನಮ್ಮಲ್ಲಿ ಯಾರೂ ಹಿಂದೆಗೆಯುವದಿಲ್ಲ. ಆದರೆ ಅದೇ ನಾಯಿ ಬೇನೆಬಿದ್ದು ಮೂಲೆ ಹಿಡಿಯಿತೆಂದರೆ, ಯಾರನ್ನು ಕೇಳಬೇಕೆಂಬುದು ತಿಳಿಯದೆ ಮನೆಯವರು ಸುಮ್ಮನೆ ಕುಳಿತುಬಿಡುವರು. ಎತ್ತಿಗೆ ಬೇನೆಯಾದರೆ ಹತ್ತು ಜನ ಹಿರಿಯರು ಬಂದು ನೋಡಿ, ತಿಳಿದದ್ದನ್ನು ಹೇಳಿ ಹೋಗುವರು. ನಾಯಿಯ ಸುಖದುಃಖವು ಮಾತ್ರ ಅದನ್ನು ಸಾಕಿದ ಮನೆಯ ಗೋಡೆಗಳೊಳಗೇ ಉಳಿಯುವದು. ‘ನಾಯಿಗೇನು ಔಷಧ!’ ಎಂದು ಜನರು ನಕ್ಕಾರೆಂಬ ಸಂಕೋಚವೇ ಇದಕ್ಕೆ ಕಾರಣ. ಈ ಸಂಕೋಚದಿಂದಾಗುವ ಕೇಡನ್ನು ನಾನು ನನ್ನ ಮನೆಯಲ್ಲಿಯೇ ಕಂಡಿರುವೆನಾದ್ದರಿಂದ, ವಾಚಕ ಸೋದರಿಯರ ಮುಂದೆ ನಾಲ್ಕು ಮಾತುಗಳನ್ನು ಇಡಬೇಕೆಂದಿರುವೆನು.

ನಗುವವರು ಒಂದು ಸಂಗತಿಯನ್ನು ನೆನೆಯಬೇಕು. ಕನ್ನಡಿಗರು ನಾಯಿಗಾಗಿ ಕಲ್ಲು ನಿಲ್ಲಿಸಿದ ಜನರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಾಸನವೊಂದಿದೆ. 949ರ ತಕ್ಕೋಲದ ಕಾಳಗದಲ್ಲಿ ಪರಾಕ್ರಮವನ್ನು ತೋರಿದ ಮಣಲೆರನೆಂಬ ವೀರನಿಗೆ, ಬೇಡಿದ್ದನ್ನು ಕೊಡುವೆನೆಂದು ಒಡೆಯನು ಹೇಳಿದಾಗ, ಅವನು ಬೇಡಿದ್ದು ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಆ ಕಾಳಿಯು ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಕೂಡಿಯೇ ಸತ್ತವು. ಅದಕ್ಕಾಗಿ ಕಲ್ಲು ನೆಡಿಸಿ, ಭೂಮಿಯನ್ನು ದತ್ತಿ ಬಿಟ್ಟು, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪವು ತಟ್ಟುವದೆಂದು ಕೊರೆಯಿಸಿದರು. ಇನ್ನು ಮೈಲಾರಲಿಂಗನ ಭಕ್ತರಾದ ಗೊರವರು ದೋಣಿಯಲ್ಲಿ ನೀಡಿದ್ದನ್ನು ನಾಯಿಯಂತೆ ಬಾಗಿ ಉಣ್ಣುವ ಸೇವೆಯನ್ನು ನಮ್ಮ ಕಡೆಯ ಎಷ್ಟೋ ಜನರು ಕಣ್ಣಾರೆ ಕಂಡಿರಬಹುದು. ಇಂಥ ನಾಡಿನಲ್ಲಿ ನಾಯಿಗೆ ಔಷಧ ಕೇಳಲು ನಾಚಬೇಕಾದದ್ದೇನು?

ಆದರೂ ನಾನು ನಾಚಿದೆನು. ನಮ್ಮ ಮನೆಗೆ ಎರಡು ತಿಂಗಳ ಕರಿಯ ಮರಿಯೊಂದು ಬಂದಿತ್ತು. ಒಂದು ದಿನ ಅದು ಹಾಲನ್ನು ಮುಟ್ಟಲಿಲ್ಲ; ಸಂಜೆಗೆ ವಾಂತಿ, ಮರುದಿನ ರಕ್ತಮಿಶ್ರಿತವಾದ, ಸಹಿಸಲಾರದ ದುರ್ಗಂಧದ ಭೇದಿ. ಹುಳದ ಬಾಧೆಯಿರಬೇಕೆಂದು ಬೇವಿನ ರಸವನ್ನು ಕುಡಿಸಿದೆವು. ಮೂರನೆಯ ದಿನ ಮರಿಯು ಹೋಯಿತು. ಹಿತ್ತಲಲ್ಲಿ ಹುಗಿದು, ಯಾರ ಮುಂದೆಯೂ ಆಡದೆ ಸುಮ್ಮನಾದೆವು.

ಇಪ್ಪತ್ತು ದಿನ ಕಳೆದಿರಲಿಲ್ಲ. ಮಗ್ಗುಲ ಮನೆಯ ಕುರಿಗಾರರ ಸೊಸೆಯು ಬಾಗಿಲಿಗೆ ಬಂದು, “ಅಕ್ಕಾರ, ನಮ್ಮ ಮೂರೂ ಮರಿ ರಗತ ಹೊರಗ ಹೋಗಾಕ ಹತ್ತ್ಯಾವ್ರಿ. ನಿಮ್ಮ ಮರಿಗೂ ಹಿಂಗ ಆಗಿತ್ತೇನ್ರಿ?” ಎಂದು ಕೇಳಿದಳು. ಆಗಿತ್ತೆಂದು ಹೇಳುವಾಗ ನನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆ ಮರಿಗಳು ನಮ್ಮ ಅಂಗಳದಲ್ಲಿಯೇ ಆಡುತ್ತಿದ್ದವು. ಅವುಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ದನದ ದವಾಖಾನೆಗೆ ಹೋದೆವು. ಡಾಕ್ಟರರು ನೋಡಿದೊಡನೆಯೇ ಇದು ಪಾರ್ವೊ ಎಂದರು. ಎರಡು ಮರಿಗಳು ಆ ರಾತ್ರಿಯೇ ಸತ್ತವು. ಚರ್ಮದಡಿಯಲ್ಲಿಯೂ ನರದಲ್ಲಿಯೂ ದಿನಾಲು ಸಲಾಯಿನ್ ಏರಿಸಿಕೊಂಡ ಮೂರನೆಯದು ಐದನೆಯ ದಿನಕ್ಕೆ ತಲೆಯೆತ್ತಿ ನೀರು ನೆಕ್ಕಿತು.

ಈ ಪಾರ್ವೊ ಎಂಬುದು ನಮ್ಮ ಅಜ್ಜಂದಿರ ಕಾಲದಲ್ಲಿ ಇರದ ಬೇನೆ. 1978ರ ಸುಮಾರಿಗೆ ನಾಯಿಗಳಲ್ಲಿ ಹೊಸತಾಗಿ ಕಾಣಿಸಿಕೊಂಡು ಎರಡೇ ವರ್ಷಗಳಲ್ಲಿ ಜಗತ್ತನ್ನೆಲ್ಲ ಸುತ್ತಿದ ವಿಷಾಣುವಿನಿಂದ ಇದು ಬರುವದು. ಕರುಳಿನ ಒಳಪದರನ್ನೂ, ರಕ್ತದಲ್ಲಿಯ ಬಿಳಿಯ ಕಣಗಳನ್ನೂ ಏಕಕಾಲಕ್ಕೆ ಕೆಡಿಸುವದರಿಂದ ಮರಿಯು ನೀರು ಬತ್ತಿ ಸಾಯುವದು. ನಮ್ಮ ದವಾಖಾನೆಗಳಲ್ಲಿ ಇದಕ್ಕೆ ಕೊಡುವ ಚಿಕಿತ್ಸೆಯೆಂದರೆ, ಮರಿಯ ದೇಹವೇ ಗೆಲ್ಲುವ ತನಕ ಅದಕ್ಕೆ ನೀರು, ಲವಣಗಳನ್ನು ಒದಗಿಸಿ, ವಾಂತಿಯನ್ನು ತಡೆದು, ಬೇರೆ ಸೋಂಕು ತಗಲದಂತೆ ಕಾಯುವದು. ಇದು ಮನುಷ್ಯರಿಗೆ ಅಂಟುವದಿಲ್ಲ. ಆದರೆ ಮನುಷ್ಯರ ಚಪ್ಪಲಿಗೆ ಅಂಟಿಕೊಂಡು ಮನೆಯಿಂದ ಮನೆಗೆ ಹೋಗುವದು. ಬೇನೆಯಾದ ನಾಯಿ ಮಲವಿಸರ್ಜಿಸಿದ ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುವದು. ಸಾಬೂನಿಗೆ ಇದು ಜಗ್ಗುವದಿಲ್ಲ. ಬ್ಲೀಚಿಂಗ್ ಪುಡಿಯ ನೀರಿನಿಂದ ಫರಸಿಯನ್ನೂ ಪಾತ್ರೆಗಳನ್ನೂ ತೊಳೆಯಬೇಕು. ಮಣ್ಣಿನ ಅಂಗಳವಾದರೆ ಅಲ್ಲಿ ಲಸಿಕೆ ಹಾಕಿಸದ ಮರಿಯನ್ನು ಬಹುಕಾಲ ಬಿಡಲಾಗದು. ಲಸಿಕೆಯನ್ನು ಆರರಿಂದ ಎಂಟು ವಾರದ ವಯಸ್ಸಿಗೆ ಆರಂಭಿಸಿ, ಮೂರುನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವ ತನಕ ಹಾಕಿಸತಕ್ಕದ್ದು. ತಾಯಿಯ ಹಾಲಿನಿಂದ ಬಂದ ರಕ್ಷಣೆಯು ಮೊದಲಿನ ಲಸಿಕೆಯನ್ನು ವ್ಯರ್ಥಗೊಳಿಸುವ ಸಂಭವವುಂಟಾದ್ದರಿಂದ, ಒಂದನ್ನು ಹಾಕಿಸಿ ನಿಶ್ಚಿಂತರಾಗಿರುವದು ತಪ್ಪು.

ಇವೆಲ್ಲವನ್ನೂ ನಾನು ಕಲಿತದ್ದು ಮರಿಗಳು ಸತ್ತ ಮೇಲೆ. ನಮ್ಮ ಮರಿ ಸತ್ತ ದಿನವೇ ಮಗ್ಗುಲ ಮನೆಗೆ ಹೋಗಿ ‘ಹೀಗಾಯಿತು, ನಿಮ್ಮವನ್ನು ನಮ್ಮ ಅಂಗಳಕ್ಕೆ ಬಿಡಬೇಡಿರಿ’ ಎಂದಿದ್ದರೆ? ಅಷ್ಟೇ ಮಾತು ಬೇಕಾಗಿತ್ತು. ಅಂದಿನಿಂದ ನಮ್ಮ ಓಣಿಯ ನಾಯಿ ಸಾಕಿದ ಐದಾರು ಮನೆಗಳವರು ಒಂದು ರೂಢಿಯನ್ನು ಮಾಡಿಕೊಂಡಿರುವೆವು. ಯಾವ ಮನೆಯ ನಾಯಿ ಎರಡು ಹೊತ್ತು ಅನ್ನ ಬಿಟ್ಟರೂ ಅದನ್ನು ಉಳಿದವರಿಗೆ ತಿಳಿಸುವದು. ಲಸಿಕೆಯ ದಿನ ಬಂದಾಗ ಕೂಡಿಯೇ ಒಂದು ಆಟೋದಲ್ಲಿ ಹೋಗುವದು. ಖರ್ಚೂ ಹಂಚಿಹೋಗುವದು, ಮರೆವಿಗೂ ಎಡೆಯಿಲ್ಲ. ಇದಕ್ಕೆ ಸಂಘವೆಂದಾಗಲಿ ಸಭೆಯೆಂದಾಗಲಿ ಹೆಸರಿಲ್ಲ. ನೀರಿಗೆ ಹೋದಾಗ ಆಡುವ ಮಾತುಗಳಲ್ಲಿ ಇದೂ ಒಂದು.

ಹೀಗೆ ಆಡುವ ಮಾತಿನಿಂದ ಎಷ್ಟೋ ಜೀವಗಳು ಉಳಿಯುವವು. ನಮ್ಮದು ಹತ್ತಿ ಬೆಳೆಯುವ ಸೀಮೆ. ನಾಯಿಗೆ ಉಣ್ಣಿಗಳಾದರೆ, ಹತ್ತಿಗೆ ಹೊಡೆದು ಉಳಿದ ಕೀಟನಾಶಕವನ್ನು ನೀರಿಗೆ ಬೆರೆಸಿ ಮೈಗೆ ಸವರುವ ಪದ್ಧತಿಯು ಕೆಲವರಲ್ಲಿದೆ. ನಾಯಿಯು ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿ. ಸ್ವಲ್ಪ ಹೊತ್ತಿನಲ್ಲಿ ಜೊಲ್ಲು ಸುರಿದು, ಸ್ನಾಯುಗಳು ಅದಿರಿ, ಉಸಿರುಕಟ್ಟಿ ಬೀಳುವದು. ಇಂಥದಾದರೆ ಮೈಯನ್ನು ಸಾಬೂನು ನೀರಿನಿಂದ ತೊಳೆದು, ಔಷಧದ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ದವಾಖಾನೆಗೆ ಓಡಬೇಕು. ಡಬ್ಬಿಯ ಮೇಲಿನ ಹೆಸರು ಡಾಕ್ಟರರಿಗೆ ಬೇಕಾಗುವದು. ಉಣ್ಣಿಯನ್ನಂತೂ ಅಲಕ್ಷಿಸಲಾಗದು. ಅದು ಕಚ್ಚಿದಾಗ ರಕ್ತಕ್ಕೆ ಸೇರುವ ಸೂಕ್ಷ್ಮಜೀವಿಗಳಿಂದ ಬರುವ ಜ್ವರದಲ್ಲಿ ನಾಯಿಯ ಒಸಡು ಬೆಳ್ಳಗಾಗಿ, ಮೂಗಿನಿಂದ ರಕ್ತ ಬರುವದೂ ಉಂಟು. ಆದರೆ ಅದಕ್ಕೆ ನಾಯಿಗೆಂದೇ ಮಾಡಿದ ಔಷಧಗಳಿವೆ. ಮನುಷ್ಯರ ಜ್ವರದ ಗುಳಿಗೆ, ಮೈಕೈನೋವಿನ ಗುಳಿಗೆಗಳನ್ನು ಕೂಡ ನಾಯಿಗೆ ಕೊಡಲಾಗದು. ಯಕೃತ್ತು, ಮೂತ್ರಪಿಂಡಗಳು ಕೆಡುವವು.

ಆಹಾರದ ಬಗ್ಗೆ ಹೆಚ್ಚು ಬರೆಯುವ ಕಾರಣವಿಲ್ಲ. ಜೋಳದ ರೊಟ್ಟಿ ಮಜ್ಜಿಗೆಗಳಿಂದ ಹೊಟ್ಟೆ ತುಂಬುವದೇ ಹೊರತು ಬೆಳೆಯುವ ಮರಿಗೆ ಅಷ್ಟೇ ಸಾಲದು. ಬೇಯಿಸಿದ ತತ್ತಿಯನ್ನಾಗಲಿ ಮಾಂಸವನ್ನಾಗಲಿ ಕೂಡಿಸಬೇಕು. ಆದರೆ ನಮ್ಮ ಕಡೆ ಉಳ್ಳಾಗಡ್ಡಿ ಇಲ್ಲದ ಪಲ್ಯವೇ ಇಲ್ಲ, ಮತ್ತು ಉಳಿದ ಪಲ್ಯವೆಲ್ಲ ನಾಯಿಯ ತಟ್ಟೆಗೆ! ಹಸಿಯದಿರಲಿ ಬೆಂದದ್ದಿರಲಿ, ಉಳ್ಳಾಗಡ್ಡಿಯು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುವದು. ಒಂದು ತುತ್ತಿನಿಂದ ಏನೂ ಆಗದಿರುವದರಿಂದಲೇ ಇದು ಯಾರ ಲಕ್ಷ್ಯಕ್ಕೂ ಬರುವದಿಲ್ಲ. ದ್ರಾಕ್ಷಿ ಚಾಕೊಲೇಟುಗಳೂ ವಿಷವೇ.

ಬೇಸಿಗೆಯ ಮಾತನ್ನು ರಾಯಚೂರಿನ ಸೀಮೆಯವರಿಗೆ ಹೇಳಬೇಕೆ? ಉಷ್ಣಮಾನವು 40 ಡಿಗ್ರಿಯನ್ನು ದಾಟಿದ ಮಧ್ಯಾಹ್ನಗಳಲ್ಲಿ, ಅಂಗಾಲಿನಲ್ಲಿ ಹೊರತು ಬೇರೆಲ್ಲಿಯೂ ಬೆವರದ ನಾಯಿಯು ನಾಲಿಗೆ ಚಾಚಿ ತೇಕುವದರಿಂದಲೇ ಮೈ ತಣಿಸಿಕೊಳ್ಳಬೇಕು. ತಗಡಿನ ಚಪ್ಪರದ ಕೆಳಗೆ ಗಿಡ್ಡ ಸರಪಳಿಯಿಂದ ಕಟ್ಟಿಹಾಕಿ ಹೊಲಕ್ಕೆ ಹೋದರೆ ಮರಳಿ ಬರುವಷ್ಟರಲ್ಲಿ ಅದು ಉಳಿಯಲಿಕ್ಕಿಲ್ಲ. ನೆರಳು ಸರಿದಂತೆ ತಾನೂ ಸರಿಯುವಷ್ಟು ಉದ್ದದ ಹಗ್ಗ, ಉರುಳದ ಕಲ್ಲಿನ ಬಾನಿಯಲ್ಲಿ ನೀರು, ಇಷ್ಟಾದರೂ ಬೇಕು. ಮನೆಯಲ್ಲಿ ಇದ್ದವರು ಇಲ್ಲದವರ ನಾಯಿಗೆ ಒಂದು ತಂಬಿಗೆ ನೀರು ಹಾಕಿದರೆ ಕಳೆದುಕೊಳ್ಳುವದೇನೂ ಇಲ್ಲ.

ಶಿಕ್ಷಣದ ವಿಷಯವಾಗಿ ನಮ್ಮಲ್ಲಿ ಎರಡೇ ಉಪಾಯಗಳು: ಒಂದು ಬಡಿಗೆ, ಮತ್ತೊಂದು ‘ನಾಯಿಯ ಬಾಲ ಡೊಂಕು’ ಎಂಬ ಗಾದೆ. ಬಾಲದ ಮಾತು ಹಾಗಿರಲಿ. ನಾಯಿಯು ಕಲಿಯದಿರುವದಕ್ಕೆ ಬಹುಮಟ್ಟಿಗೆ ಮನೆಯವರೇ ಕಾರಣರು. ಒಬ್ಬರು ‘ಕೂಡು’ ಎನ್ನುವರು, ಇನ್ನೊಬ್ಬರು ‘ಕುಂದ್ರು’ ಎನ್ನುವರು, ಪಟ್ಟಣದಲ್ಲಿ ಓದುವ ಹುಡುಗನು ಇಂಗ್ಲಿಷಿನಲ್ಲಿ ಗದರಿಸುವನು. ನಾಯಿಯು ಯಾವ ಭಾಷೆಯನ್ನು ನಂಬಬೇಕು? ಮನೆಯವರೆಲ್ಲ ಒಂದೇ ಶಬ್ದವನ್ನು ಹಿಡಿಯಬೇಕು. ಹೇಳಿದಂತೆ ಮಾಡಿದ ಕ್ಷಣದಲ್ಲಿಯೇ ಒಂದು ಸಣ್ಣ ತುಣುಕನ್ನು ಕೊಡಬೇಕು. ಐದು ನಿಮಿಷಕ್ಕಿಂತ ಹೆಚ್ಚು ಬೇಸರಿಸಬಾರದು. ನಾಯಿಯು ಬೆಳಿಗ್ಗೆ ಚಪ್ಪಲಿಯನ್ನು ಕಡಿದದ್ದಕ್ಕೆ ಮಧ್ಯಾಹ್ನ ಬಡಿದರೆ, ತಾನು ಮಲಗಿದ್ದಕ್ಕೆ ಬಡಿದರೆಂದು ಅದು ತಿಳಿಯುವದೇ ಹೊರತು ಚಪ್ಪಲಿಯನ್ನು ನೆನೆಯುವದಿಲ್ಲ. ಜಾತಿಯನ್ನೂ ನೋಡಬೇಕು. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದು ಹೆಸರಾದ ನಮ್ಮ ಮುಧೋಳದ ನಾಯಿಯನ್ನು ಅಭಿಮಾನದಿಂದ ತಂದು ಹಗಲೆಲ್ಲ ಕಂಬಕ್ಕೆ ಬಿಗಿದವರನ್ನು ಕಂಡಿದ್ದೇನೆ. ಓಡುವದಕ್ಕೆಂದೇ ಹುಟ್ಟಿದ ಪ್ರಾಣಿ ಅದು, ಕಟ್ಟಿದಷ್ಟೂ ಕೆರಳುವದು.

ನಾಯಿಯು ಕಚ್ಚಿದ ಸಂಗತಿಯನ್ನು ಕೊನೆಗೆ ಇಟ್ಟುಕೊಂಡಿರುವೆನು. ಸಂಕೋಚವು ಅತ್ಯಂತ ಅಪಾಯಕಾರಿಯಾಗುವದು ಇಲ್ಲಿಯೇ. ಹುಚ್ಚುನಾಯಿ ರೋಗದಿಂದ, ಎಂದರೆ ರೇಬೀಸಿನಿಂದ, ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನರು ಸಾಯುವರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ನೂರಕ್ಕೆ ನಾಲ್ವತ್ತರಷ್ಟು ಹದಿನೈದು ವರ್ಷದೊಳಗಿನ ಮಕ್ಕಳು. ಲಕ್ಷಣಗಳು ತೋರಿದ ಮೇಲೆ ಬದುಕಿದವರು ಇಲ್ಲವೆಂದೇ ಹೇಳಬೇಕು. ಆದರೆ 1885ರಲ್ಲಿ ಲೂಯಿ ಪಾಶ್ಚರನು ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಮೊದಲು ಲಸಿಕೆ ಹಾಕಿದಂದಿನಿಂದ, ಕಚ್ಚಿದ ಕೂಡಲೆ ಮಾಡುವ ಉಪಚಾರದಿಂದ ಇದನ್ನು ತಪ್ಪಿಸಬಹುದಾಗಿದೆ. ಹೊಟ್ಟೆಗೆ ಚುಚ್ಚುತ್ತಿದ್ದ ಹದಿನಾಲ್ಕು ಸೂಜಿಗಳ ಭಯ ಇನ್ನೂ ಹಳ್ಳಿಗಳಲ್ಲಿ ಉಳಿದಿದೆ. ಆ ಹಳೆಯ ಲಸಿಕೆಯು ನಮ್ಮ ದೇಶದಲ್ಲಿ 2005ಕ್ಕೆ ಮುಂಚೆಯೇ ನಿಂತುಹೋಯಿತು. ಈಗ ತೋಳಿಗೆ ನಾಲ್ಕೈದು ಸಲ ಹಾಕುವರು, ಅಷ್ಟೇ.

ಹೋದ ವರ್ಷ ನನ್ನ ಮೊಮ್ಮಗನು ಆಡುತ್ತ ಮಗ್ಗುಲ ಮನೆಯ ನಾಯಿ ಉಣ್ಣುತ್ತಿದ್ದಾಗ ಅದರ ತಟ್ಟೆಗೆ ಕೈ ಹಾಕಿದನು. ಪಾರ್ವೊದಿಂದ ಉಳಿದಿದ್ದ ಅದೇ ಮೂರನೆಯ ಮರಿ, ಈಗ ದೊಡ್ಡ ನಾಯಿ. ಮುಂಗೈಯನ್ನು ಹಿಡಿದುಬಿಟ್ಟಿತು, ರಕ್ತ ಬಂದಿತು. ನಾನು ಓಡಿಹೋಗುವಷ್ಟರಲ್ಲಿ ಆ ಸೊಸೆಯು ಹುಡುಗನ ಕೈಯನ್ನು ನಳದ ಕೆಳಗೆ ಹಿಡಿದು ಸಾಬೂನು ಹಚ್ಚಿ ತೊಳೆಯುತ್ತಿದ್ದಳು. ಅವಳ ಅತ್ತೆಯು ಖಾರದ ಪುಡಿಯನ್ನೂ ಸುಣ್ಣವನ್ನೂ ತಂದಿದ್ದಳು, ಅವನ್ನು ಮುಟ್ಟಗೊಡಲಿಲ್ಲ. ಗಡಿಯಾರ ನೋಡಿ ಹದಿನೈದು ನಿಮಿಷ ತೊಳೆದು, ನನ್ನ ಕಡೆಗೆ ತಿರುಗಿ, “ಅಕ್ಕಾರ, ನಮ್ಮ ನಾಯೀನ ಕಚ್ಚೇತ್ರಿ. ಹ್ವಾದ ವರ್ಷ ಸೂಜಿ ಮಾಡ್ಸಿದ್ವಿ, ಈ ವರ್ಷ ಕುರಿ ಸಂಗಾಟ ಅಡವಿಗೆ ಹ್ವಾದಾಗ ತಪ್ಪೇತ್ರಿ. ಮುಚ್ಚಿಡಾಕ ಮನಸ್ಸು ಬರವಲ್ದು” ಎಂದಳು.

ಅವಳು ‘ಸೂಜಿ ಆಗೈತಿ’ ಎಂದಿದ್ದರೆ ನಾನು ನಂಬುತ್ತಿದ್ದೆನು. ನಂಬಿ ಮನೆಯಲ್ಲಿಯೇ ಇರುತ್ತಿದ್ದೆನು. ಕಚ್ಚಿದ ನಾಯಿಗೆ ಲಸಿಕೆಯಾಗಿದೆಯೆಂದು ಆಸ್ಪತ್ರೆಗೆ ಹೋಗದಿರುವದು ಹೇಗೂ ತಪ್ಪೇ ಎಂಬುದನ್ನು ಅಂದು ಡಾಕ್ಟರರ ಬಾಯಿಂದಲೇ ತಿಳಿದೆನು. ಹುಡುಗನ ಗಾಯದ ಸುತ್ತ ಸೀರಮ್ ಚುಚ್ಚಿದರು, ತೋಳಿಗೆ ಮೊದಲ ಲಸಿಕೆ ಹಾಕಿದರು. ಮುಂದೆ ಮೂರನೆಯ ದಿನ, ಏಳನೆಯ ದಿನ ಬರಹೇಳಿದರು. ನಾಯಿಯನ್ನು ಹೊಡೆದು ಕೊಲ್ಲಬೇಡಿರಿ, ಹತ್ತು ದಿನ ಕಣ್ಣಮುಂದೆ ಇಡಿರಿ ಎಂದರು. ಕಚ್ಚುವ ಹೊತ್ತಿಗೆ ಅದರ ಜೊಲ್ಲಿನಲ್ಲಿ ರೋಗವಿದ್ದರೆ ಅಷ್ಟರಲ್ಲಿ ಅದು ಬೇನೆಬಿದ್ದು ಸಾಯುವದು. ಸಾಯದೆ ಆರೋಗ್ಯದಿಂದಿದ್ದರೆ ಆ ಕಚ್ಚಿನಿಂದ ಭಯವಿಲ್ಲ.

ಓಣಿಯಲ್ಲಿ ನಾಯಿಯನ್ನು ಕೊಲ್ಲಬೇಕೆಂದವರೂ ಇದ್ದರು. ಆ ಮನೆಯವರು ಅದನ್ನು ಗಟ್ಟಿಯಾಗಿ ಕಟ್ಟಿ, ಮಕ್ಕಳು ಹತ್ತಿರ ಸುಳಿಯದಂತೆ ಮುಳ್ಳಿನ ಬೇಲಿ ಹಾಕಿದರು. ಪ್ರತಿದಿನ ಬೆಳಿಗ್ಗೆ ಆ ಸೊಸೆಯು ನಮ್ಮ ಕಟ್ಟೆಗೆ ಬಂದು ನನ್ನನ್ನು ಕರೆದೊಯ್ದು, ನಾಯಿಯು ನೀರು ಕುಡಿಯುವದನ್ನೂ ರೊಟ್ಟಿ ತಿನ್ನುವದನ್ನೂ ದೂರದಿಂದ ತೋರಿಸುತ್ತಿದ್ದಳು. ಇಬ್ಬರೂ ಮಾತನಾಡದೆ ನಿಂತು ನೋಡುತ್ತಿದ್ದೆವು. ಐದನೆಯ ದಿನ ಅದು ರೊಟ್ಟಿಯನ್ನು ಮೂಸಿ ಬಿಟ್ಟಾಗ ನನಗೆ ಆ ಹಗಲೆಲ್ಲ ಅನ್ನ ಸೇರಲಿಲ್ಲ, ಅವಳಿಗೂ ಸೇರಿರಲಿಕ್ಕಿಲ್ಲ. ಸಂಜೆಗೆ ತಿಂದಿತೆಂದು ಓಡಿಬಂದು ಹೇಳಿದಳು.

ಹನ್ನೊಂದನೆಯ ದಿನ ನಾಯಿಯನ್ನು ದನದ ದವಾಖಾನೆಗೆ ಕರೆದುಕೊಂಡು ಹೋಗಿ ತೋರಿಸಿ, ತಪ್ಪಿದ್ದ ಸೂಜಿಯನ್ನು ಮಾಡಿಸಿದೆವು. ಆಟೋದಲ್ಲಿ ಓಣಿಯ ಇನ್ನೂ ನಾಲ್ಕು ನಾಯಿಗಳಿದ್ದವು.