ಹದಿನಾರರ ಹರೆಯ ಮತ್ತು ಹಾರುವ ವಿದ್ಯೆ

ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ಊರುಗಳಲ್ಲಿ ಈಗ ಹೈಸ್ಕೂಲಿನಲ್ಲಿ ಓದುತ್ತಿರುವ ಮಕ್ಕಳು ಹುಟ್ಟಿದಂದಿನಿಂದಲೂ ವಿಮಾನದ ಸದ್ದು ಕೇಳಿಕೊಂಡೇ ಬೆಳೆದವರು. 2008ರ ಮೇ ತಿಂಗಳಿನಲ್ಲಿ ಅಲ್ಲಿ ಅಂತರರಾಷ್ಟ್ರೀಯ ನಿಲ್ದಾಣ ತೆರೆಯಿತು. ಸುಮಾರು 4000 ಎಕರೆ ನೆಲ ಅದರ ಪಾಲಾಯಿತು. ದ್ರಾಕ್ಷಿಯ ಚಪ್ಪರದ ಮೇಲೆ, ಚಕ್ಕೋತದ ಗಿಡಗಳ ಮೇಲೆ ದಿನವೂ ಹಾದುಹೋಗುವುದನ್ನು ನೋಡಿದ ಹುಡುಗಿಯೊಬ್ಬಳು "ಅಪ್ಪಾ, ನಾನೂ ಪೈಲಟ್ ಆಗುತ್ತೇನೆ" ಎಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಉಳಿದಿರುವ ಎರಡೆಕರೆಯನ್ನು ನೆನೆದು ಅಪ್ಪ ಸುಮ್ಮನಾಗುತ್ತಾನೆ. ಅಂಥ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ವಿದ್ಯೆಯ ಆರಂಭ ಹೇಗಿರುತ್ತದೆಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

'ವಿಮಾನ' ಎಂಬ ಪದದೊಳಗೆ 'ಮಾ' ಎಂಬ ಧಾತುವಿದೆ. ಅಳೆಯುವುದು ಎಂದು ಅದರ ಅರ್ಥ. ದೇವಾಲಯದ ವಿಮಾನವಾಗಲಿ, ಪುಷ್ಪಕವಾಗಲಿ, ಅಳತೆಯಿಂದ ಆದದ್ದೇ. ಹಾರಾಟವೆಂದರೆ ಎದೆಗಾರಿಕೆ ಎಂದು ನಮ್ಮ ಚಲನಚಿತ್ರಗಳು ನಂಬಿಸಿವೆ. ಕಲಿಸುವವರು ಮಾತ್ರ ಮೊದಲ ದಿನದಿಂದಲೂ ಕಲಿಸುವುದು ಅಳತೆಯನ್ನೇ.

ಕಾನೂನಿನಲ್ಲಿಯೂ ಆ ಅಳತೆ ಕಾಣುತ್ತದೆ. ಹತ್ತನೆಯ ತರಗತಿ ಮುಗಿಸಿ ಹದಿನಾರು ತುಂಬಿದವರಿಗೆ ನಮ್ಮ ದೇಶದಲ್ಲಿ ವಿದ್ಯಾರ್ಥಿ ಪೈಲಟ್ ಲೈಸೆನ್ಸ್ ದೊರೆಯಬಹುದು. ಹದಿನೇಳಕ್ಕೆ ಖಾಸಗಿ ಲೈಸೆನ್ಸ್, ಹದಿನೆಂಟಕ್ಕೆ ವೃತ್ತಿಯ ಲೈಸೆನ್ಸ್. ಕಾರು ನಡೆಸಲು, ಮತ ಹಾಕಲು ಹದಿನೆಂಟು ಆಗಬೇಕು. ವಿಮಾನದಲ್ಲಿ ಒಬ್ಬಂಟಿಯಾಗಿ ಮೇಲೇರಲು ಹದಿನಾರು ಸಾಕು! ವಿಚಿತ್ರವೆಂದು ತೋರಬಹುದು. ಆದರೆ ಆ ಒಬ್ಬಂಟಿ ಹಾರಾಟದ ಹಿಂದೆ ಬೋಧಕನೊಬ್ಬನ ಅಪ್ಪಣೆ, ಹವೆಯ ಪರೀಕ್ಷೆ, ಯಂತ್ರದ ಪರೀಕ್ಷೆ, ವೈದ್ಯರ ಪರೀಕ್ಷೆ ಇಷ್ಟೆಲ್ಲ ನಿಂತಿರುತ್ತವೆ.

ವೈದ್ಯರ ಪರೀಕ್ಷೆಯ ಮಾತು ಬಂದದ್ದರಿಂದ ತಂದೆತಾಯಿಗಳಿಗೆ ಒಂದು ವಿಷಯವನ್ನು ಒತ್ತಿ ಹೇಳಬೇಕು. ಹಣ ಕಟ್ಟುವ ಮೊದಲು, ಹೊಲದ ಪತ್ರಕ್ಕೆ ಕೈಹಾಕುವ ಮೊದಲು, ವೃತ್ತಿಗೆ ಬೇಕಾದ ಪೂರ್ಣ ವೈದ್ಯಕೀಯ ಪರೀಕ್ಷೆಯನ್ನು ಮಾಡಿಸಿಬಿಡಿ. ಕನ್ನಡಕ ಅಡ್ಡಿಯಲ್ಲ, ಬಣ್ಣಗಳನ್ನು ಗುರುತಿಸುವಲ್ಲಿ ದೋಷವಿದ್ದರೆ ಅಡ್ಡಿಯಾದೀತು. ಆ ದೋಷವುಳ್ಳ ಎಷ್ಟೋ ಮಂದಿಗೆ ಅದು ತಮಗಿದೆಯೆಂಬುದೇ ತಿಳಿದಿರುವುದಿಲ್ಲ. ವೃತ್ತಿಯ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು. ವೆಚ್ಚ ಹತ್ತಾರು ಲಕ್ಷ. ಅದಾದಮೇಲೂ ದೊಡ್ಡ ವಿಮಾನ ನಡೆಸಬೇಕಾದರೆ ಆ ಮಾದರಿಗೆಂದೇ ಬೇರೆ ತರಬೇತಿ, ಬೇರೆ ಖರ್ಚು. ಲೈಸೆನ್ಸ್ ಕೈಗೆ ಬಂದ ಮಾತ್ರಕ್ಕೆ ಕೆಲಸ ಬಂತೆಂದಲ್ಲ. ಇದನ್ನು ಹೇಳದೆ ಬರಿಯ ಆಕಾಶವನ್ನು ತೋರಿಸುವವರನ್ನು ನಾನು ನಂಬಲಾರೆ.

ನಮ್ಮ ಕಡೆ ಈ ವಿದ್ಯೆಗೆ ಹಳೆಯ ನೆಲೆ ಜಕ್ಕೂರು. ದೇವನಹಳ್ಳಿಯ ದಾರಿಯಲ್ಲಿಯೇ ಇರುವ ಅಲ್ಲಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1949ರದು, ಜಯಚಾಮರಾಜ ಒಡೆಯರ ಕಾಲದ್ದು. ನಡುನಡುವೆ ತರಬೇತಿ ನಿಂತು ಮತ್ತೆ ಆರಂಭವಾದದ್ದೂ ಉಂಟು. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ತಂಡ ರೂಪಿಸಿದ ಪುಟ್ಟ ವಿಮಾನ 1958ರಲ್ಲಿ ಮೊದಲ ಬಾರಿಗೆ ಹಾರಿತು. ಇಬ್ಬರು ಕೂರಬಹುದಾದದ್ದು, ಬಟ್ಟೆ ಹೊದಿಸಿದ ಮೈ, 90 ಅಶ್ವಶಕ್ತಿಯ ಎಂಜಿನ್. ಅದಕ್ಕೆ ಇಟ್ಟ ಹೆಸರು ಪುಷ್ಪಕ್! ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರು ಅದರಲ್ಲಿ ಹಾರಲು ಕಲಿಯಿತು.

ಕಲಿಯುವವನು ಎಡಗಡೆಯ ಆಸನದಲ್ಲಿ, ಬೋಧಕ ಬಲಗಡೆಯಲ್ಲಿ. ನಮ್ಮ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ, ಗಾಳಿ ತೆಳು. ಏಪ್ರಿಲಿನ ಮಧ್ಯಾಹ್ನ ಅದು ಇನ್ನಷ್ಟು ತೆಳುವಾಗಿ, ನೆಲ ಬಿಟ್ಟೇಳಲು ವಿಮಾನ ಹೆಚ್ಚು ದೂರ ಓಡಬೇಕಾಗುತ್ತದೆ. ಡಿಸೆಂಬರಿನ ಬೆಳಗು ತಂಪು, ಆದರೆ ಮಂಜು. ನಂದಿಬೆಟ್ಟ ಕಾಣದಿದ್ದರೆ ಕಾದು ಕೂತಿರುವುದೇ ಅಂದಿನ ಪಾಠ. ಉತ್ತರಕ್ಕೆ ದೇವನಹಳ್ಳಿಯ ದೊಡ್ಡ ನಿಲ್ದಾಣ, ಪಕ್ಕದಲ್ಲೇ ಯಲಹಂಕದ ವಾಯುಪಡೆಯ ನೆಲೆ. ಆದ್ದರಿಂದ ಎಷ್ಟು ಎತ್ತರ, ಯಾವ ದಿಕ್ಕು ಎಂಬುದಕ್ಕೆಲ್ಲ ರೇಡಿಯೋದಲ್ಲಿ ಅಪ್ಪಣೆ ಪಡೆಯಬೇಕು. ಮೇಲೇರುವುದು ಬೇಗ ಬರುತ್ತದೆ. ಇಳಿಯುವುದು ತಡವಾಗಿ ಬರುತ್ತದೆ. ಇಳಿಯದೆ ಇರುವುದು ಇನ್ನೂ ತಡವಾಗಿ. ರನ್‌ವೇಯ ಹತ್ತಿರ ಬಂದು, ವೇಗವೋ ಎತ್ತರವೋ ಸರಿಯಿಲ್ಲವೆಂದು ಕಂಡ ಕೂಡಲೇ ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು ಮತ್ತೆ ಮೇಲೇರಿಬಿಡಬೇಕು. ಹದಿಹರೆಯದ ಮನಸ್ಸಿಗೆ ಇದು ಸೋಲಿನಂತೆ ಕಾಣುತ್ತದೆ. ಸೋಲಲ್ಲವೆಂದು ಅದಕ್ಕೆ ಒಪ್ಪಿಸುವುದರಲ್ಲೇ ಬೋಧಕರ ಅರ್ಧ ಆಯುಸ್ಸು ಕಳೆಯುತ್ತದೆ.

ವಯಸ್ಸು ಚಿಕ್ಕದೆಂದು ಅಳುಕುವವರಿಗೆ 1930ರ ಒಂದು ಸ್ಪರ್ಧೆಯನ್ನು ನೆನಪಿಸಬಹುದು. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಬ್ಬಂಟಿಯಾಗಿ ಹಾರಿದ ಭಾರತೀಯನಿಗೆ ಆಗಾ ಖಾನರು ಬಹುಮಾನ ಸಾರಿದ್ದರು. ಕರಾಚಿಯಿಂದ ಹೊರಟ ಜೆ. ಆರ್. ಡಿ. ಟಾಟಾ ಅವರಿಗೆ ಆಗ 25. ಎದುರು ದಿಕ್ಕಿನಿಂದ ಬಂದ ಆಸ್ಪಿ ಎಂಜಿನಿಯರ್‌ಗೆ 17. ಈಜಿಪ್ಟಿನಲ್ಲಿ ಆ ಹುಡುಗ ಸ್ಪಾರ್ಕ್ ಪ್ಲಗ್ಗಿಲ್ಲದೆ ನಿಂತಿದ್ದಾಗ ಟಾಟಾ ತಮ್ಮಲ್ಲಿದ್ದುದನ್ನು ಕೊಟ್ಟರು, ಗೆದ್ದವನು ಹುಡುಗ. ಆತನೇ ಮುಂದೆ, 1960ರಲ್ಲಿ, ವಾಯುಪಡೆಯ ಮುಖ್ಯಸ್ಥನಾದ.

ನಮ್ಮ ಹುಡುಗಿಗೆ ಆ ದಿನ ಬರುವುದು ಹತ್ತು ಹದಿನೈದು ಗಂಟೆಗಳ ಜೊತೆ ಹಾರಾಟವಾದ ಬಳಿಕ. ಕೆಲವರಿಗೆ ಇನ್ನೂ ಹೆಚ್ಚು. ಬೋಧಕ ಮೊದಲೇ ದಿನ ಹೇಳುವುದು ಅಪರೂಪ. ಇಳಿದ ವಿಮಾನವನ್ನು ನಿಲ್ಲಿಸಿ, ಬಾಗಿಲು ತೆರೆದು, "ಒಂದು ಸುತ್ತು ಹೋಗಿ ಬಾ" ಎಂದು ಕೆಳಗಿಳಿದುಬಿಡುತ್ತಾನೆ. ಒಬ್ಬರ ಭಾರ ಕಡಿಮೆಯಾದ ವಿಮಾನ ಎಂದಿಗಿಂತ ಬೇಗ ನೆಲ ಬಿಡುತ್ತದೆ, ಬೇಗ ಎತ್ತರ ತಲಪುತ್ತದೆ. ಬಲಗಡೆಯ ಆಸನ ಬರಿದಾಗಿದೆಯೆಂಬುದನ್ನು ಕಣ್ಣಿಗಿಂತ ಮೊದಲು ಕೈ ತಿಳಿಯುತ್ತದೆ. ನಾಲ್ಕು ತಿರುವು, ಹತ್ತು ನಿಮಿಷ. ಲಾಗ್ ಪುಸ್ತಕದಲ್ಲಿ ಅದುವರೆಗೆ ಖಾಲಿಯಿದ್ದ ಅಂಕಣವೊಂದರಲ್ಲಿ, 200 ಗಂಟೆಗಳ ಲೆಕ್ಕದೊಳಗಿನ ಆ ಹತ್ತು ನಿಮಿಷವನ್ನು ಅವಳು ತನ್ನ ಕೈಯಲ್ಲೇ ಬರೆಯುತ್ತಾಳೆ.